ಗರಗಸದ ಹೊಟ್ಟೆಯೊಳಗಿನ ವಿಭೂತಿ

ನನ್ನ ಮೇಜಿನ ಮೇಲೆ ಒಂದು ಕೆಟ್ಟ ಪಿಸ್ಟನ್ ಇದೆ. ಪುಟ್ಟ ಕಾಫಿ ಲೋಟದಷ್ಟು ಗಾತ್ರ. ತಲೆಕೆಳಗಾಗಿ ನಿಲ್ಲಿಸಿದರೆ ಅದರೊಳಗೆ ನನ್ನ ಹೇರ್‌ಪಿನ್ನುಗಳು ಹಿಡಿಸುತ್ತವೆ. ಎಷ್ಟು ಸಲ ಸೋಪು ಹಾಕಿ ತೊಳೆದರೂ ಪೆಟ್ರೋಲ್ ವಾಸನೆ ಹೋಗಿಲ್ಲ. ಅದರೊಳಗಿನ ಪಿನ್ನು ಸಿಕ್ಕಿಸಿಕೊಂಡು ಕೊರಟಗೆರೆ ಬಸ್ಸು ಹತ್ತಿದರೆ, ಪಕ್ಕದಲ್ಲಿ ಕೂತವರು ಡ್ರೈವರ್ ಕಡೆ ಅನುಮಾನದಿಂದ ನೋಡುತ್ತಾರೆ. ಇವತ್ತು ಬೆಳಿಗ್ಗೆ ಅದರೊಳಗೆ ಕೈ ಹಾಕಿದ್ದಾಗ ಫೋನ್ ಬಂತು. ಬಡವನಹಳ್ಳಿಯಿಂದ ದೊಡ್ಡಪ್ಪ.

"ನಾಳೀಕೆ ಆಯುಧಪೂಜೆ ಕಣಮ್ಮ. ನಿನ್ ಮರ ಕುಯ್ಯೋ ಮಿಷಿನ್ನು ರೆಡಿ ಮಾಡಿಕ್ಕಿರು, ಸಂಜೀಕ್ ಬಂದು ತಗಂಡೋಯ್ತೀನಿ. ನಮ್ ಸಾಮಾನ್ ಜೊತ್ಗೆ ಇಕ್ಕಿ ಪೂಜೆ ಮಾಡ್ಬುಡ್ತೀನಿ. ನೀವಿಬ್ರು ಹೆಣ್ಮಕ್ಳು ಅಲ್ಲಿ ಏನ್ ಮಾಡೀರಿ?"

"ಬನ್ನಿ ದೊಡ್ಡಪ್ಪ" ಎಂದೆ. ಅಷ್ಟೇ ಎಂದೆ. ನಾನು ಮಾತು ಕಡಿಮೆ ಎಂದು ನೆಂಟರಲ್ಲಿ ಹೆಸರಾಗಿದ್ದೇನೆ; ಮಾತು ಕಡಿಮೆಯವರಿಗೆ ಒಂದು ಅನುಕೂಲವೆಂದರೆ, ಅವರು ಒಪ್ಪಿದರೆಂದು ಎಲ್ಲರೂ ತಾವೇ ತಿಳಿದುಕೊಳ್ಳುತ್ತಾರೆ. ಅನಾನುಕೂಲವೂ ಅದೇ. ಹೋದ ವರ್ಷದ ಆಯುಧಪೂಜೆಗೆ ನನ್ನ ಗರಗಸ ಹೋದದ್ದು ಹೀಗೇ.

ನಿಮಗೆ ಮೊದಲು ಜಾಲಿಯ ಕತೆ ಹೇಳಬೇಕು. ಮಿಡಿಗೇಶಿ ಕಡೆ ನಮ್ಮದು ಎರಡು ಎಕರೆ ಹೊಲವಿದೆ. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಅಮ್ಮನ ಹೆಸರು ಬಂತು, ಹೊಲದಲ್ಲಿ ಸೀಮೆಜಾಲಿ ಬಂತು. ಎರಡರಲ್ಲಿ ಬೇರು ಬಿಟ್ಟದ್ದು ಜಾಲಿ ಮಾತ್ರ. ಅದಕ್ಕೆ ಗೊಬ್ಬರ ಬೇಡ, ನೀರು ಬೇಡ, ಯಾರ ಒಪ್ಪಿಗೆಯೂ ಬೇಡ. ಈ ಗುಣಗಳಿಗಾಗಿ ನಾನು ಅದನ್ನು ಒಳಗೊಳಗೇ ಮೆಚ್ಚಿದ್ದೂ ಉಂಟು. ಕಡಿಯಲು ಕೂಲಿಯವರನ್ನು ಕೇಳಿದರೆ "ಬತ್ತೀವಿ ಕಣಮ್ಮ" ಎನ್ನುವರು. ಆ ಭರವಸೆ ಕೇಳಿಸಿಕೊಂಡೇ ಜಾಲಿ ಇನ್ನೊಂದು ಮೊಳ ಬೆಳೆಯುವುದು.

ಹೋದ ವರ್ಷದ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡಲು ಎಲ್ಲರೂ ಬಡವನಹಳ್ಳಿಯಲ್ಲಿ ಸೇರಿದ್ದೆವು. ಹಿರಿಯರು ಉಂಡು ಹೋದ ಮೇಲೆ ಕಿರಿಯರ ಆಸ್ತಿಯ ಮಾತು ಬರುವುದು ವಾಡಿಕೆ. ದೊಡ್ಡಪ್ಪ ಎಲೆಯಡಿಕೆ ಹಾಕಿಕೊಂಡು ಹೇಳಿದರು: "ಹೊಲ ಬೀಳು ಬಿಡಬಾರ್ದು, ಹಿರೀಕರಿಗೆ ಒಳ್ಳೇದಲ್ಲ. ಯುಗಾದಿ ಒಳ್ಗೆ ಜಾಲಿ ತೆಗ್ಸಿದ್ರೆ ಸರಿ. ಇಲ್ಲಾಂದ್ರೆ ಅಲ್ಲಿ ಹೊನ್ನಾರು ನಾನೇ ಹೂಡ್ತೀನಿ."

ಯುಗಾದಿ ಹಬ್ಬದಲ್ಲಿ ಎತ್ತು ಕಟ್ಟಿ ವರ್ಷದ ಮೊದಲ ಸಾಲು ಹೊಡೆಯುವುದೇ ಹೊನ್ನಾರು. ಆ ಸಾಲು ಯಾರು ಹೊಡೆದರೋ ಆ ವರ್ಷದ ಉಳುಮೆ ಅವರದ್ದು. ಒಂದು ವರ್ಷ ಉತ್ತವರು ಮರುವರ್ಷ ಕೇಳುವುದಿಲ್ಲ, ಅದರ ಮರುವರ್ಷ ಕೇಳಿದರೆ ನಗುತ್ತಾರೆ. ಪಹಣಿ ಮಧುಗಿರಿಯ ಕಚೇರಿಯಲ್ಲಿರುತ್ತದೆ, ನೇಗಿಲು ಹೊಲದಲ್ಲಿರುತ್ತದೆ. ಅಮ್ಮ ತಲೆ ತಗ್ಗಿಸಿ ಎಲೆ ತೆಗೆಯುತ್ತಿದ್ದಳು. ಮರುದಿನ ನನ್ನ ಸಂಬಳದಲ್ಲಿ ಒಂದು ಪೆಟ್ರೋಲ್ ಗರಗಸ ಕೊಂಡುಕೊಂಡೆ.

ಅದು ಡಬ್ಬದಿಂದ ಹೊರಬರುವಷ್ಟರಲ್ಲಿ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು. ಹೊಸ ಯಂತ್ರ ಪೂಜೆಯಿಲ್ಲದೆ ಓಡಿಸಬಾರದು ಎಂದು ಬಂದು ಎತ್ತಿಕೊಂಡು ಹೋದರು. ಆಯುಧಪೂಜೆ ಮುಗಿಯಿತು, ವಿಜಯದಶಮಿ ಮುಗಿಯಿತು, ಗರಗಸ ಬರಲಿಲ್ಲ. ಅವರ ಬೇಲಿಯ ಜಾಲಿ, ಬಾವಿಯ ಪಕ್ಕದ ಹುಣಸೆ ಕೊಂಬೆ, ಬೀಗರ ಮನೆಯ ಬೇವು ಎಲ್ಲ ಉರುಳಿದ ಮೇಲೆ, ದೀಪಾವಳಿ ಕಳೆದು, ಚೀಲದಲ್ಲಿ ಸುತ್ತಿಕೊಂಡು ತಂದಿಟ್ಟರು.

"ತಾನಾಗ್ ತಾನೇ ನಿಂತೋಯ್ತು ಕಣಮ್ಮ. ಚೀನಾ ಮಾಲು. ಬುಡು, ಹೆಣ್ಮಕ್ಳಿಗ್ ಯಾಕೆ ಈ ಗಂಡು ಸಾಮಾನು."

ಹಗ್ಗ ಎಳೆದರೆ ಕಲ್ಲಿಗೆ ಕಟ್ಟಿದ ಹಾಗಿತ್ತು.

ಶಿರಾದಲ್ಲಿ ಇಂಥ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಯಿದೆ. ಅಂಗಡಿಯ ಸಾಹೇಬರು ಗರಗಸವನ್ನು ಬಿಚ್ಚಲೂ ಇಲ್ಲ, ಅಲ್ಲಾಡಿಸಿ ನೋಡಿ ಕಿವಿಗೆ ಹಿಡಿದರು. ನಂತರ ಹಕೀಮರ ಹಾಗೆ ಕಣ್ಣು ಮುಚ್ಚಿದರು.

"ಖತಂ. ಹೊಸಾದ್ ತಗೊಳ್ಳಿ ಮೇಡಂ."

"ಪಿಸ್ಟನ್ ಸಿಗುತ್ತಾ?"

"ಸಿಗ್ತದೆ. ಹಾಕೋರ್ ಯಾರು?"

"ನಾನೇ."

ಅವರು ಕಣ್ಣು ತೆರೆದರು. "ಅರೆ, ಸೀರೆಗೆ ಫಾಲ್ ಹಾಕ್ದಂಗಾ ಅದು?"

ನನಗೆ ಸೀರೆಗೆ ಫಾಲ್ ಹಾಕಲೂ ಬರುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಪಿಸ್ಟನ್, ಅದರ ಉಂಗುರ, ಗ್ಯಾಸ್ಕೆಟ್ಟು ಕಟ್ಟಿಸಿಕೊಂಡು ಬಂದೆ.

ನಾನು ಓದಿದ್ದು, ಕಾಲೇಜಿನಲ್ಲಿ ಪಾಠ ಹೇಳುವುದು ಸಂಖ್ಯಾಶಾಸ್ತ್ರ. ಇಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದುದು, ಅದು ಬಸ್ಸಿನ ಮುಂಭಾಗದಲ್ಲಿರುತ್ತದೆ ಮತ್ತು ಅದರ ಮೇಲೆ ಕೂತರೆ ಬಿಸಿಯಾಗುತ್ತದೆ ಎನ್ನುವುದು. ಉಳಿದದ್ದನ್ನು ಮೊಬೈಲಿನ ವಿಡಿಯೋಗಳು ಕಲಿಸಿದವು. ಅವುಗಳಲ್ಲಿ ಕಾಣುವ ಗಂಡಸರೆಲ್ಲ ಒಂದೇ ಜಾತಿ: ಕೈ ಸ್ವಚ್ಛ, ಮೇಜು ಸ್ವಚ್ಛ, ಬಾಯಲ್ಲಿ "ಬಹಳ ಸುಲಭ." ತಿರುಪು ಬಿಗಿದುಕೊಂಡು ಬಾರದಿದ್ದಾಗ ವಿಡಿಯೋ ಅಲ್ಲಿಗೇ ಕತ್ತರಿಸಿಹೋಗಿ, ಮರುಕ್ಷಣ ತಿರುಪು ಅಂಗೈಯಲ್ಲಿರುತ್ತದೆ. ಜೀವನದಲ್ಲಿ ಹಾಗೆ ಕತ್ತರಿಸುವ ಸೌಲಭ್ಯವಿದ್ದಿದ್ದರೆ ನಮ್ಮ ಕುಟುಂಬದ ಅರ್ಧ ಹಬ್ಬಗಳನ್ನು ನಾನು ನೋಡುತ್ತಲೇ ಇರಲಿಲ್ಲ.

ಮೊದಲ ಭಾನುವಾರ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಹಳೆಯ ಬೆಡ್‌ಶೀಟ್ ಹಾಸಿ ಕೂತೆ. ಗರಗಸದ ಸರಪಳಿಗೆ ಶಕ್ತಿ ಕೊಡುವ ಕ್ಲಚ್ ತೆಗೆಯಬೇಕಿತ್ತು. ಲೋಕದ ತಿರುಪುಗಳೆಲ್ಲ ಬಿಚ್ಚುವ ದಿಕ್ಕಿಗೆ ತಿರುಗಿಸಿದೆ. ಅದು ಇನ್ನಷ್ಟು ಬಿಗಿಯಿತು. ಇನ್ನೂ ಜೋರು ಹಾಕಿದೆ. ಮೊಣಕೈ ಕಲ್ಲಿಗೆ ತಾಗಿ ರಕ್ತ ಬಂತು. ಆ ಒಂದು ತಿರುಪು ಮಾತ್ರ ಉಲ್ಟಾ ದಿಕ್ಕಿನದು ಎಂದು ವಿಡಿಯೋದವನು ಮೊದಲೇ ಹೇಳಿದ್ದ. ಆಗ ನಾನು ಅವನ ಉಗುರು ನೋಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಅವರೆಕಾಳು ಬಿಡಿಸುತ್ತಾ ನೋಡುತ್ತಿದ್ದಳು.

"ನಿಮ್ ದೊಡ್ಡಪ್ಪನಂಗೇ ಐತೆ ಕಣೆ ಅದು. ಬಿಗಿಯಾಗ್ಲಿ ಅಂತ ತಿರುಗ್ಸು, ಬಿಚ್ಕತದೆ."

ಬಿಚ್ಚಿಕೊಂಡಿತು.

ಸಿಲಿಂಡರ್ ಎತ್ತಿದಾಗ ಒಳಗಿನ ಪಿಸ್ಟನ್ ಕಂಡಿತು. ಗಾಳಿ ಬರುವ ಕಡೆಯ ಮೈಯೆಲ್ಲ ಉದ್ದುದ್ದ ಗೀರು, ಆ ಗೀರುಗಳಲ್ಲಿ ಬೂದುಬಣ್ಣದ ಕೆಸರು, ಅಲ್ಲಲ್ಲಿ ಕೆಂಪು. ಸವೆದಿದ್ದರೆ ಅರ್ಥವಾಗುತ್ತಿತ್ತು, ಇದು ಯಾರೋ ಮರಳು ಹಾಕಿ ತಿಕ್ಕಿದಂತಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಪೆಟ್ರೋಲಿನ ಹಿಂದೆ ಪರಿಚಯದ ಪರಿಮಳ. ಅಮ್ಮನ ಮೂಗಿಗೆ ಹಿಡಿದೆ.

"ಅಯ್ಯೋ ಶಿವನೇ, ವಿಭೂತಿ" ಎಂದಳು.

ಇದರ ಉತ್ತರ ಬಡವನಹಳ್ಳಿಯ ಬಚ್ಚಲಲ್ಲಿ ಸಿಕ್ಕಿತು. ಮುಂದಿನ ವಾರ ಯಾವುದೋ ನೆಪದಲ್ಲಿ ಹೋಗಿದ್ದೆ. ದೊಡ್ಡಮ್ಮ ಪಾವಗಡದ ಆಚೆಯವರು, ಅರ್ಧ ತೆಲುಗು. ಕೂತು ಪಾತ್ರೆ ಉಜ್ಜುತ್ತಿದ್ದರು. ಕೈಯಲ್ಲಿ ಚೌಕಾಕಾರದ ಕಪ್ಪು ಸ್ಪಂಜು. ಅದರ ಒಂದು ಮೂಲೆಯಲ್ಲಿ ಗರಗಸದ ಮುಚ್ಚಳಕ್ಕೆ ಕೂರುವ ತೂತು.

"ದೊಡ್ಡಮ್ಮ, ಇದೆಲ್ಲಿ ಸಿಕ್ತು?"

"ಇದಾ? ನಿನ್ ಮಿಷಿನ್ ಒಳಗಿಂದು ಕದಮ್ಮಾ. ಮೀ ದೊಡ್ಡಪ್ಪ ಪೂಜೆಗೆ ಅಂತ ತೊಳೀಬೇಕಾದ್ರೆ ತೆಗೆದು ಬಿಸಾಕಿದ್ರು. ಚೂಡು, ತಪ್ಪಲೆ ಫಳಫಳ ಅಂತೈತೆ!"

ಜಗಲಿಯಿಂದ ದೊಡ್ಡಪ್ಪ ಹೆಮ್ಮೆಯಿಂದ ಸೇರಿಸಿದರು: "ಕಂಪ್ನಿಯೋರು ಕೊಳೆ ಸ್ಪಂಜು ಒಳಗೇ ಮರ್ತ್‌ಬುಟ್ಟಿದ್ರು ಕಣಮ್ಮ. ದೇವರ ಮುಂದೆ ಇಕ್ಕೋ ಸಾಮಾನು, ಒಳಗೂ ಶುದ್ಧ ಇರಬೇಕಲ್ಲ. ತೊಳ್ದು, ಒಳಗೇ ಮೂರು ಪಟ್ಟೆ ವಿಭೂತಿ ಎಳ್ದು, ನಡುವೆ ಕುಂಕುಮ ಇಟ್ಟೆ. ಸುಮ್ನೆ ಮೇಲ್ ಮೇಲೆ ಪೂಜೆ ಮಾಡೋನಲ್ಲ ನಾನು."

ಆ ಸ್ಪಂಜು ಗಾಳಿ ಸೋಸುವ ಜಾಲರಿ. ಅದಿಲ್ಲದೆ, ವಾರಗಟ್ಟಲೆ, ಮರದ ಹೊಟ್ಟು, ಕೆಂಪು ಮಣ್ಣು, ವಿಭೂತಿ, ಕುಂಕುಮ ಎಲ್ಲವನ್ನೂ ಯಂತ್ರ ಉಸಿರಾಡಿತ್ತು. ಅಡ್ಡ ಎಳೆದ ವಿಭೂತಿ ಒಳಗೆ ಹೋಗಿ ಉದ್ದದ ಗೀರಾಗಿತ್ತು. ಶೈವರ ಮನೆಯ ಯಂತ್ರ ಒಳಗೊಳಗೇ ನಾಮ ಹಾಕಿಕೊಂಡಿತ್ತು. ದೊಡ್ಡಪ್ಪನ ಭಕ್ತಿಯನ್ನು ನಾನು ಇವತ್ತಿಗೂ ಸಂಶಯಿಸುವುದಿಲ್ಲ. ಅವರು ಮೋಸದಿಂದ ಕೆಡಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಪ್ರೀತಿಯಿಂದ, ಮಡಿಯಲ್ಲಿ, ಮಂತ್ರ ಹೇಳುತ್ತಾ ಕೆಡಿಸಿದ್ದರು. ಇಂಥವರ ಮೇಲೆ ಜಗಳ ಹೂಡುವುದು ಬಹಳ ಕಷ್ಟ. ಅವರಿಗೂ ಅದು ಗೊತ್ತು.

ಸ್ಪಂಜನ್ನು ಕೇಳಿ ತೆಗೆದುಕೊಂಡೆ. ದೊಡ್ಡಮ್ಮ ಕೊಡಲು ಸ್ವಲ್ಪ ಬೇಜಾರು ಮಾಡಿಕೊಂಡರು.

ಮುಂದಿನದನ್ನೆಲ್ಲ ಹೇಳಿದರೆ ನೀವು ಪುಟ ಮಗುಚುತ್ತೀರಿ. ಸಿಲಿಂಡರ್ ಗೋಡೆಗೆ ಅಂಟಿದ ಲೋಹವನ್ನು ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ಹತ್ತಿ ಅದ್ದಿ ತೆಗೆಯಬೇಕಿತ್ತು, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಿಂದ ಕೈಗವಸು ಕೇಳಿದಾಗ ಸಹೋದ್ಯೋಗಿಯೊಬ್ಬರು "ಮದರಂಗಿಗಾ?" ಎಂದರು. ಹೌದೆಂದೆ. ಪಿಸ್ಟನ್ನನ್ನು ಹಿಡಿದಿಡುವ ಪುಟ್ಟ ತಂತಿಯ ಬಳೆಯೊಂದು ಕೂರಿಸುವಾಗ ಚಿಮ್ಮಿ ಹಾರಿತು. ಬಚ್ಚಲು, ತುಳಸಿಕಟ್ಟೆ, ನನ್ನ ಜಡೆ ಎಲ್ಲ ಹುಡುಕಿಯಾಯಿತು. ಕೊನೆಗೆ ಮೊರದಿಂದ ಅಮ್ಮನ ದನಿ: "ಇದ್ಯಾವ್ ಜಾತಿ ಹುಳಾನೇ, ಅವರೆಕಾಳಲ್ಲಿ? ಕಬ್ಬಿಣದ್ದು!"

ಎಲ್ಲ ಜೋಡಿಸಿ ಹಗ್ಗ ಎಳೆದೆ. ಮತ್ತೆ ಕಲ್ಲು. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆ ಇರಬೇಕಿತ್ತಂತೆ. ಅಂಕಿ-ಅಂಶಗಳನ್ನು ಸರಿಯಾಗಿ ಓದಬೇಕೆಂದು ಮಕ್ಕಳಿಗೆ ಪಾಠ ಹೇಳುವ ನಾನು ಬಾಣವನ್ನು ತಿರುಗುಮುರುಗಾಗಿ ಕೂರಿಸಿದ್ದೆ. ಅವತ್ತು ಉಪಕರಣಗಳನ್ನು ಬಕೆಟ್ಟಿಗೆ ಎಸೆದು ಒಳಗೆ ಹೋಗಿ ಮಲಗಿದೆ. "ಹೋಗ್ಲಿ ಬಿಡಮ್ಮ, ದೊಡ್ಡಪ್ಪನೇ ಹೊನ್ನಾರು ಹೂಡ್ಕೊಳ್ಳಲಿ" ಎಂದೂ ಅಂದೆ.

ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಿನಿಂದ ಶಬ್ದ ಬಂತು. ಹೋಗಿ ನೋಡಿದರೆ ಅಮ್ಮ ಬಕೆಟ್ಟಿನ ಉಪಕರಣಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿ ಕಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದಳು.

"ನಿಮ್ಮಪ್ಪ ಇದ್ದಾಗ ಬುತ್ತಿ ಹೊತ್ಕಂಡು ಆ ಹೊಲಕ್ ಹೋಗ್ತಿದ್ದೆ. ಅವರು ಹೋದ್ಮೇಲೆ ಬದು ಮೇಲೆ ನಿಂತು ಯಾರನ್ನ ಕೇಳಿ ಒಳಗ್ ಕಾಲಿಡಲಿ ಅನ್ಸೋದು ನಂಗೆ. ಬಿಚ್ಚು ಇನ್ನೊಂದ್ ಕಿತ."

ಬಿಚ್ಚಿದೆ. ಬಾಣ ತಿರುಗಿಸಿದೆ. ಸ್ಪಂಜನ್ನು ಪಾತ್ರೆಯ ಸಾಬೂನು ಹೋಗುವವರೆಗೆ ತೊಳೆದು, ಒಣಗಿಸಿ ಹಾಕಿದೆ. ಹಗ್ಗ ಎಳೆದಾಗ ಗರಗಸ ಮೊದಲು ಕೆಮ್ಮಿತು, ಆಮೇಲೆ ಕೂಗಿತು. ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ "ಬೋರ್ ಕೊರೆಸ್ತಾ ಇದೀರಾ?" ಎಂದರು.

ಯುಗಾದಿಗೆ ಮುನ್ನ ಸಿಕ್ಕ ರಜೆಗಳಲ್ಲೆಲ್ಲ ಜಾಲಿ ಕಡಿದೆ. ನಾನು ಉರುಳಿಸಿದ್ದನ್ನು ಅಮ್ಮ ಮತ್ತು ಮಿಡಿಗೇಶಿಯ ಕೆಲವು ಹೆಂಗಸರು ಕವೆಗೋಲಿನಲ್ಲಿ ಎಳೆದು ಒಟ್ಟಿದರು. ಹೊನ್ನಾರಿನ ಬೆಳಿಗ್ಗೆ ದೊಡ್ಡಪ್ಪ ಕೊಂಬಿಗೆ ಬಣ್ಣ ಬಳಿದ ಎತ್ತು, ನೇಗಿಲು, ನಾಲ್ಕು ಜನ ನೆಂಟರೊಂದಿಗೆ ಬಂದರು. ಸೀಮೆಜಾಲಿಯನ್ನು ನಿರೀಕ್ಷಿಸಿದ್ದ ಕಣ್ಣಿಗೆ ಆಕಾಶ ಕಂಡು ಸ್ವಲ್ಪ ತಬ್ಬಿಬ್ಬಾಯಿತು.

"ಬೊಡ್ಡೆ ಅಂಗೇ ಐತಲ್ಲಮ್ಮ" ಎಂದರು.

"ಜಾಲಿ ತೆಗೆಸಿದ್ರೆ ಸರಿ ಅಂದಿದ್ರಿ ದೊಡ್ಡಪ್ಪ."

"ಅದು ಸರಿ. ಆದ್ರೂ ಹೊನ್ನಾರಿಗೆ ಗಂಡಸು ಅಂತ ಒಬ್ಬ ಬೇಕಲ್ಲ..."

ನಾನು ತಕ್ಕ ಉತ್ತರವೊಂದನ್ನು ನಿಖರವಾದ ವಾಕ್ಯಗಳಲ್ಲಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಬದು ಇಳಿದು, ಬೊಡ್ಡೆಗಳ ನಡುವೆ ನಡೆದು, ನೇಗಿಲಿನ ಮೇಣಿ ಹಿಡಿದುಬಿಟ್ಟಳು.

"ಭಾವ, ಎತ್ತು ನಿಮ್ದೇ. ನೀವು ಮುಂದ್ಗಡೆ ಹಗ್ಗ ಹಿಡ್ಕಳಿ" ಎಂದಳು.

ಎತ್ತು ಹಬ್ಬದ ಎತ್ತು, ನೆಂಟರು ನೋಡುತ್ತಿದ್ದಾರೆ, ಬೇಡವೆಂದರೆ ಅಪಶಕುನ. ದೊಡ್ಡಪ್ಪ ಮುಂದೆ ನಡೆದರು. ಸಾಲು ನೆಟ್ಟಗೆ ಬರಲಿಲ್ಲ, ಬೊಡ್ಡೆ ಬಳಸಿ ಸೊಟ್ಟಸೊಟ್ಟಗೆ ಹೋಯಿತು. ಈ ವರ್ಷ ಆ ಹೊಲದಲ್ಲಿ ಕಡಲೆಕಾಯಿ ಇದೆ, ಸಾಲು ಈಗಲೂ ಸೊಟ್ಟ.

ಇವತ್ತು ಸಂಜೆ, ಫೋನಿನಲ್ಲಿ ಹೇಳಿದ ಹಾಗೆ, ದೊಡ್ಡಪ್ಪ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸುತ್ತ ನೋಡಿದರು. ಗರಗಸ ಮಂಚದ ಕೆಳಗಿತ್ತು. ನಾನು ಅದರ ಹೊರಮುಚ್ಚಳಕ್ಕೆ ಆಗಲೇ ಒಂದು ಕುಂಕುಮದ ಬೊಟ್ಟಿಟ್ಟಿದ್ದೆ. ಮೇಜಿನ ಬಳಿ ಹೋಗಿ ಹೇರ್‌ಪಿನ್ನುಗಳನ್ನು ಸುರಿದು, ಪಿಸ್ಟನ್ನನ್ನು ಒರೆಸಿ, ಅದರ ಮೇಲೆ ಅಡ್ಡಡ್ಡ ಮೂರು ಪಟ್ಟೆ ವಿಭೂತಿ ಎಳೆದು, ವೀಳ್ಯದೆಲೆಯ ಮೇಲಿಟ್ಟು ಅವರ ಮುಂದೆ ಹಿಡಿದೆ.

"ಇದೇನಮ್ಮ?"

"ಮಿಷಿನ್ನಿಂದೇ ದೊಡ್ಡಪ್ಪ. ಒಳಗಿಂದು. ನೀವು ಮೇಲ್ ಮೇಲೆ ಪೂಜೆ ಮಾಡೋರಲ್ಲವಲ್ಲ."

ಅವರು ಅದನ್ನು ತಿರುಗಿಸಿ ನೋಡಿದರು. ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದರು. ಅಡುಗೆಮನೆಯಲ್ಲಿ ಅಮ್ಮನ ಬಳೆಯ ಸದ್ದು ನಿಂತಿತ್ತು.

"ಇದು ಈಗ ಓಡ್ತದಾ?"

"ಇಲ್ಲ" ಎಂದೆ. "ಅದಕ್ಕೇ ಕೊಡ್ತಾ ಇರೋದು."