ಕಲ್ಲು ತೆಗೆಯಲು ಹೋದವರು

ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲ ಕೆಟ್ಟಿತು. ಗುತ್ತಲದಿಂದ ಗಳಗನಾಥದ ಕಡೆ ಹೋಗುವ ದಾರಿಯ ಒಂದು ಹಳ್ಳಿ, ಹೆಸರು ಬರೆಯುವುದಿಲ್ಲ. ಹೊಲದ ಬದುವಿನ ವೀರಗಲ್ಲಿನ ಮುಂದೆ ಗೆಳತಿ ಸುನಂದಾ ಹಾಳೆ ಹರಡಿ ಕುಳಿತಿದ್ದಳು. ನಾನು ಕೊಡೆ ಹಿಡಿದಿದ್ದೆ.

ಸುನಂದಾ ಬ್ಯಾಡಗಿಯ ಚಿತ್ರಕಲಾ ಶಿಕ್ಷಕಿ. ಶಾಸನದ ಕಲ್ಲುಗಳ ಚಿತ್ರವನ್ನು ಅಕ್ಷರ ಸಮೇತ ಬರೆದು ಆಯಾ ಊರಿನ ಶಾಲೆಯ ಗೋಡೆಗೆ ತೂಗುಹಾಕುವುದು ಅವಳ ರಜೆಯ ಕೆಲಸ. ನಾನು ರಾಣೆಬೆನ್ನೂರಿನಿಂದ ಬಂದೆ; ಹಾವೇರಿಯಲ್ಲಿ ಕೂಡಿ ಗುತ್ತಲದ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ, ಮುಂದೆ ಆಟೋ. ಬಿಸಿಲು ಬೆಳಿಗ್ಗೆಯೇ ಸುಡುತ್ತಿತ್ತು. ಊರ ಮುಂದಿನ ಚಹಾದಂಗಡಿಯಲ್ಲಿ ಗಿರಮಿಟ್ಟು ತಿನ್ನುವಾಗ ಯಾರೋ ಬಂದ ಕಾರಣ ಕೇಳಿದರು.

"ಹೊಲದಾಗಿನ ಕಲ್ಲು ತಗಿಯಾಕ ಬಂದೇವ್ರಿ," ಎಂದಳು ಸುನಂದಾ.

ಚಿತ್ರ ತೆಗೆಯುವವಳಿಗೆ ಕಲ್ಲು ತೆಗೆಯುವುದೆಂದರೆ ಅದನ್ನು ಹಾಳೆಗಿಳಿಸುವುದು. ಬುಡದಲ್ಲಿ ನಿಧಿ ಇದೆಯೆಂದು ನಂಬಿದ ಊರಿಗೆ ಅದು ಕಲ್ಲನ್ನು ಕೀಳುವ ಮಾತು.

ಮೊದಲು ಬೈಕುಗಳು ಬಂದವು. ಆಮೇಲೆ ಟ್ರ್ಯಾಕ್ಟರು ದಾರಿಗೆ ಅಡ್ಡ ನಿಂತಿತು.

"ಹಾರಿ, ಗುದ್ದಲಿ ಎಲ್ಲಿ ಮುಚ್ಚಿಟ್ಟೀರಿ?"

ಸುನಂದಾ ಪೆನ್ಸಿಲ್ ಎತ್ತಿದಳು. "ಇದ ನೋಡ್ರಿ ನಮ್ಮ ಹಾರಿ."

ಯಾರೂ ನಗಲಿಲ್ಲ. ಒಬ್ಬ ಅವಳ ಬಲಗೈ ತಿರುವಿದ. ಎಲುಬು ಲಟಕ್ಕೆಂದದ್ದು ನನಗೂ ಕೇಳಿಸಿತು. ಇನ್ನೊಬ್ಬ ಹಾಳೆ ಹರಿದ. ದನಗಳ್ಳರಿಂದ ಊರಿನ ತುರು ಬಿಡಿಸಲು ಹೋಗಿ ಸತ್ತ ವೀರನ ಹೆಸರಿರುವ ಕೊನೆಯ ಸಾಲೊಂದೇ ಬಾಕಿ ಇತ್ತು. ನಾವು ಯಾರೆಂದು ನಾನು ಕೂಗಿದ್ದೇ ಕೂಗಿದ್ದು. ಹಿಂದೆ ನಿಂತವನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ; ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಬಿಡಿಸಿದವಳು ಹೊಲದ ಒಡತಿ. ಕಲ್ಲಿನ ಹಿಂದಿನ ಗುಂಡಿ ತೋರಿಸಿ ಬೈದಳು: "ಹೋದ ವರ್ಸ ಕಳ್ಳರು ಖರೇನ ಅಗದು ಹೋದಾಗ ಎಲ್ಲಿ ಮಲಗಿದ್ರೋ? ಈಗ ಹೆಣ್ಣಮಕ್ಕಳ ಕೈ ತಿರುವಾಕ ಬಂದೀರಿ."

ಗುಂಪು ಕರಗಿತು. ಕದ್ದು ಅಗೆದವರ ಮುಂದೆ ಇಲ್ಲದ ಪೌರುಷ, ಕೊಡೆ ಹಿಡಿದು ಬಂದ ಇಬ್ಬರ ಮೇಲೆ! ಮನೆಗೆ ಬಂದ ಮೇಲೂ ಬೈಕಿನ ಸದ್ದಿಗೆ ಎಚ್ಚರವಾಗುತ್ತಿತ್ತು.

ಪ್ಲಾಸ್ಟರು ಬಿಚ್ಚಿ ಕೈ ಪಳಗಿದ ಮೇಲೆ ಸುನಂದಾ ಮತ್ತೆ ಹೊರಟಳು. ನಾನು ಬೇಡವೆಂದೆ, ಆದರೂ ಹೋದೆ. ಸಂಜೆಯ ಹೊತ್ತಿಗೆ ಹೊಸ ಹಾಳೆ ಕೊನೆಯ ಸಾಲಿಗೆ ಬಂತು. ಆಗ ಕೈ ತಿರುವಿದವನೇ ಬಂದು ಕಲ್ಲಿನ ಪಕ್ಕ ನಿಂತ.

"ತಪ್ಪಾತ್ರಿ ಅಕ್ಕಾರ, ಗೊತ್ತಿರಲಿಲ್ಲ."

"ಗೊತ್ತಿರದಿದ್ರ ಕೇಳಬೇಕಿತ್ತು," ಎಂದೆ ನಾನು.

ಸುನಂದಾ ತಲೆ ಎತ್ತಲಿಲ್ಲ. "ಬೆಳಕಿಗೆ ಅಡ್ಡ ನಿಂತೀರಿ. ಸರೀರಿ."

ಅವನು ಸರಿದ. ಅವಳು ಹೆಸರು ಬರೆದಳು: ಮಾಚ.

ಶುಕ್ರವಾರ ಚಿತ್ರ ಆ ಊರಿನ ಶಾಲೆಯ ಗೋಡೆಗೇರಿತು. ಅಂದು ರಾತ್ರಿ ನಾನು ಬೆಳಗಿನವರೆಗೆ ಮಲಗಿದೆ. ಸಿಟ್ಟು ಮಾತ್ರ ಇಳಿದಿಲ್ಲ.