ಕೆಚ್ಚಲಿಗೆ ಸವರಿದ ಭಂಡಾರ

ಸತ್ತಿಯಿಂದ ಐಗಳಿಯವರೆಗೆ ಯಾರ ಮನೆಯ ಎಮ್ಮೆ ಮೇವು ಬಿಟ್ಟರೂ ಈಗ ನೀಲಮನಿಗೇ ಫೋನು. ಸ್ಕೂಟಿಯಲ್ಲಿ ಬರುತ್ತಾಳೆ, ಸೂಜಿ ಚುಚ್ಚುತ್ತಾಳೆ, ಚಹಾ ಕುಡಿಯದೆ ಹೋಗುವುದಿಲ್ಲ. ಚಹಾದ ಹುಚ್ಚು ಅವಳಿಗೆ ಅವ್ವನಿಂದ ಬಂದದ್ದು, ಅದಿರಲಿ. ದನಕರುಗಳ ಹುಚ್ಚು ಹತ್ತಿದ್ದು ಮಾತ್ರ ಹೊಳೆ ಉಕ್ಕಿ ಇಳಿದ ಮರುವರ್ಷ, ಅವಳು ಆರನೇ ಇಯತ್ತೆಯಲ್ಲಿದ್ದಾಗ.

ಅವಳ ಅಪ್ಪ ಲಗಮಪ್ಪ ಊರವರ ದನ ಕಾಯುತ್ತಿದ್ದ. ಬೆಳಿಗ್ಗೆ ಹೊಳೆದಂಡೆಯ ಜಾಲಿಕಂಟಿಗೆ ಹೊಡೆದುಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಅವುಗಳಲ್ಲಿ ಸಕ್ಕುಬಾಯಿಯ ಎಮ್ಮೆಯೂ ಒಂದು. ಸಕ್ಕುಬಾಯಿ ಎಂದರೆ ಕಬ್ಬು, ದ್ರಾಕ್ಷಿಯ ಒಡತಿ. ಬಾಯಿ ಜೋರು, ಕೈ ಧಾರಾಳ. ಎಮ್ಮೆಯ ಕರು ಸತ್ತುಹೋಗಿತ್ತು. ಆಮೇಲೆ ಕೆಲವು ದಿನ ಹಾಲು ಕೊಟ್ಟದ್ದು, ಈಗೀಗ ಸಂಜೆ ಹಿಂಡಲು ಕೂತರೆ ಕೆಚ್ಚಲು ಬರಿದು.

“ಲಗಮಪ್ಪಾ, ಕಂಟ್ಯಾಗ ನೀನ ಹಿಂಡ್ಕೊಂಡ ಕುಡ್ಯಾಕತ್ತೀಯೇನ?”

“ಇಲ್ರಿ ಅವ್ವಾರ.”

“ಹಂಗಾರ ಐತವಾರ ಗುಡ್ಯಾಗ ಭಂಡಾರ ಎತ್ತು. ಇಲ್ಲಾಂದ್ರ ದನಾ ಬ್ಯಾರೇದವರು ಕಾಯ್ತಾರ.”

ದೇವಿಯ ಅರಿಶಿನಪುಡಿ ಕೈಯಲ್ಲಿ ಹಿಡಿದು ಆಣೆ ಮಾಡುವುದೆಂದರೆ ಲಗಮಪ್ಪನಿಗೆ ನಡುಕ. ಖರೇ ಆಣೆಯೂ ಮಕ್ಕಳಿಗೆ ಭಾರ ಎಂದು ಅವನ ತಾಯಿ ಹೇಳಿಹೋಗಿದ್ದಳು. ಸುಮ್ಮನೆ ನಿಂತ. ಸುಮ್ಮನೆ ನಿಂತದ್ದನ್ನೇ ಊರು ತಪ್ಪೊಪ್ಪಿಗೆ ಎಂದುಕೊಂಡಿತು.

ಮರುದಿನ ಗುರುವಾರ, ಯಾವುದೋ ಜಯಂತಿಗೆಂದು ಶಾಲೆಗೆ ಸೂಟಿ. ನೀಲಮ ಸಕ್ಕುಬಾಯಿಯ ಮೊಮ್ಮಗ ರೋಹನನನ್ನು ಕೂಡಿಸಿಕೊಂಡಳು.

“ಕೇರಿಹಾವು ಕುಡದಿರಬೇಕು,” ಅಂದ ರೋಹನ. “ನಮ್ಮ ಮಾಮಾ ಹೇಳ್ಯಾನ.”

“ನಿಮ್ಮ ಮಾಮಾ ನೋಡ್ಯಾನೇನ?”

“ಇಲ್ಲ.”

“ಹಂಗಾರ ನಾವ ನೋಡೂಣು, ನಡೀಲೇ.”

ಅಪ್ಪ ಮುಟ್ಟಲು ಹೆದರಿದ ಭಂಡಾರವನ್ನೇ ದನ ಹೊರಡುವ ಮುನ್ನ ಮಗಳು ಎಣ್ಣೆಯಲ್ಲಿ ಕಲಸಿ ಎಮ್ಮೆಯ ಮೊಲೆಗಳಿಗೆ ಸವರಿದಳು. ಅರಿಶಿನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಿಂಡಿದವರ ಕೈಯೋ ಕುಡಿದವರ ಬಾಯಿಯೋ ಹಳದಿಯಾಗಲೇಬೇಕು. ಎಮ್ಮೆ ಒದ್ದದ್ದು ಮಾತ್ರ ರೋಹನನಿಗೆ.

ಮಧ್ಯಾಹ್ನ ದನಗಳು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಅಪ್ಪ ರೊಟ್ಟಿಯ ಗಂಟು ಬಿಚ್ಚಿದ. ನೀಲಮ ಓರೆಗಣ್ಣಿನಿಂದ ಅವನ ಕೈ ನೋಡಿದಳು, ನೋಡಿದ್ದಕ್ಕೆ ತಾನೇ ನಾಚಿಕೊಂಡಳು. ಅಷ್ಟರಲ್ಲಿ ಎಮ್ಮೆ ಎದ್ದು ಕಂಟಿಯೊಳಗೆ ನುಗ್ಗಿತು. ಮಕ್ಕಳು ಹಿಂದೆಯೇ. ಮುಳ್ಳು ಪರಚಿತು, ರೋಹನನ ಚಪ್ಪಲಿ ಕೆಸರಿನ ಪಾಲಾಯಿತು. ಒಳಗೆ, ನೆರೆ ತಂದು ಬಿಟ್ಟ ಕಸದ ಗುಡ್ಡೆಯ ಮರೆಯಲ್ಲಿ, ಎಲುಬು ಎದ್ದ ಒಂದು ಕೋಣಗರು. ಗಂಡುಗರು ಸಾಕಿ ಏನು ಬಂತೆಂದು ಯಾರೋ ಬಿಟ್ಟುಹೋಗಿದ್ದರು. ಎಮ್ಮೆ ಹೋಗಿ ಅದರ ಮುಂದೆ ನಿಂತಿತು. ಕರು ಗುದ್ದಿ ಗುದ್ದಿ ಕುಡಿದು ತಲೆಯೆತ್ತಿದಾಗ ಮೂತಿಯೆಲ್ಲ ಹಳದಿ.

“ಕಳ್ಳ ಸಿಕ್ಕಾನ,” ರೋಹನ ಪಿಸುಗುಟ್ಟಿದ.

ಸಂಜೆ ಲಗಮಪ್ಪ ಕರುವನ್ನು ಹೆಗಲ ಮೇಲೆ ಹೊತ್ತು ಸಕ್ಕುಬಾಯಿಯ ಅಂಗಳಕ್ಕೆ ಬಂದ. ಮಕ್ಕಳು ನಡೆದದ್ದೆಲ್ಲ ಹೇಳಿದರು. ಸಕ್ಕುಬಾಯಿ ಕರುವಿನ ಮೂತಿಯನ್ನು ಸೆರಗಿನಿಂದ ಒರೆಸಿದಳು. ಹಳದಿ ಹೋಗಲಿಲ್ಲ.

“ಎಮ್ಮಿ ಕಂಟ್ಯಾಗ ಹೋಗೂದು ನೀ ನೋಡಿಲ್ಲೇನೋ?”

“ನೀರಿಗೆ ಹೊಂಟೈತಿ ಅನ್ಕೊಂಡಿದ್ನಿರಿ.”

ಸಕ್ಕುಬಾಯಿ ಕರುವಿನ ಬೆನ್ನು ಸವರಿದಳು.

“ಭಂಡಾರದ ಮಾತ ನಾ ಆಡಬಾರ್ದಿತ್ತು, ಲಗಮಪ್ಪಾ. ನಾಳಿಂದ ಇದನೂ ಹೊಡ್ಕೊಂಡ ಹೋಗು. ಎರಡ ಮೊಲಿ ಇದಕ್ಕ, ಎರಡ ನಮಗ.”

ಬೆಳಗಾಗುತ್ತಲೇ ಓಣಿಯವರೆಲ್ಲ ಎಂದಿನಂತೆ ದನ ಬಿಚ್ಚಿದರು. ಲಗಮಪ್ಪ ಕೋಲು ಹಿಡಿದು ಮುಂದೆ ನಡೆದ. ಕರು ನಿಂತು ನಿಂತು ಹಟ ಮಾಡಿದಾಗಲೆಲ್ಲ ನೀಲಮ ಹಿಂದಿನಿಂದ ನೂಕುತ್ತಿದ್ದಳು.