ತಲೆದಿಂಬಿನ ಮಟ್ಟದ ಕಿಂಡಿ

ಹೊಳಲ್ಕೆರೆಯ ಮನೆಗೆ ಬೀಗ ಹಾಕಿ ಬೆಳಗಿನ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೊರಟೆ. ನಲವತ್ತು ರೂಪಾಯಿ ಟಿಕೆಟ್ಟು, ಪಕ್ಕದ ಸೀಟು ಖಾಲಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಹೊರಟ ಮೊದಲ ಪ್ರಯಾಣ ಅದು. ಬಾಗೂರಿನ ಆಚೆಯ ಹಟ್ಟಿಯೊಂದರಲ್ಲಿ ಮಳೆಗೆ ಬಿದ್ದ ಮಣ್ಣಿನ ಮನೆಗಳನ್ನು ಮತ್ತೆ ಕಟ್ಟಲು ಸ್ವಯಂಸೇವಕರು ಬೇಕಾಗಿದ್ದರು. ನನ್ನಂಥ ನಿವೃತ್ತ ಮೇಷ್ಟರು ಇಟ್ಟಿಗೆ ಹೊರಬಲ್ಲರೇ ಎಂದು ಯಾರೂ ಕೇಳಲಿಲ್ಲ.

ಹೊಸದುರ್ಗದಲ್ಲಿ ಇಡ್ಲಿ ತಿಂದು, ಲಗೇಜ್ ಆಟೋ ಹತ್ತಿ ಹಟ್ಟಿ ಸೇರುವಾಗ ಸುಡುವ ಬಿಸಿಲು. ಅಷ್ಟು ನೀರು ನುಗ್ಗಿದ ಊರು ಇದೇನಾ ಅನ್ನಿಸಿತು. ನಮ್ಮ ತಂಡದ ಪಾಲಿಗೆ ಬಂದದ್ದು ಕುರಿ ಸಾಕುವ ಈರಣ್ಣ, ಕರಿಯಮ್ಮ ದಂಪತಿಯ ಮನೆ. ಗೋಡೆ ಎದ್ದು ತಗಡು ಕೂರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಊಟ ಮಾತ್ರ ಬಹಳ ದಿನದ ಮೇಲೆ ರುಚಿಸುತ್ತಿತ್ತು.

ಹಾಲುಕ್ಕಿಸಿದ ಮೇಲೂ ಕರಿಯಮ್ಮ ಹಿತ್ತಲಿನ ಟಾರ್ಪಾಲಿನಡಿಯಲ್ಲೇ ಮಲಗುತ್ತಿದ್ದಳು. “ಇಷ್ಟು ಮಾಡಿದ್ರೂ ಮುಖ ಸೊಟ್ಟಗೆ ಮಾಡ್ತಾರಲ್ಲ” ಎಂದು ಗೊಣಗುತ್ತ ಜೊತೆಯವರು ಮುಂದಿನ ಮನೆಗೆ ಹೋದರು. ನಾನು ಕೇಳಿಯೇಬಿಟ್ಟೆ.

“ಏನವ್ವ, ಮನೆ ಹಿಡಿಸಲಿಲ್ವಾ?”

“ಮನೆ ಚೆಂದ ಐತೆ ಮೇಷ್ಟ್ರೇ. ಮಾತಾಡಾಕೆ ಆಗಲ್ಲ, ಅಷ್ಟೇಯ.”

ಮದುವೆಯಾದಂದಿನಿಂದ ಈರಣ್ಣ ಮಲಗುವುದು ಮನೆಯ ಹಿಂದೆ, ಕುರಿ ಕೂಡಿಹಾಕುವ ರೊಪ್ಪದಲ್ಲಿ, ಕಾವಲಿಗೆ. ಹಳೆಯ ಹಿಂಗೋಡೆಯಲ್ಲಿ ತಲೆದಿಂಬಿನ ಮಟ್ಟಕ್ಕೊಂದು ಕಿಂಡಿಯಿತ್ತು. ಒಳಗೆ ಆಕೆ, ಹೊರಗೆ ಆತ, ಗಂಡಹೆಂಡಿರ ಮಾತೆಲ್ಲ ಅದರಲ್ಲೇ. ಗಟ್ಟಿಯಾಗಿರಲೆಂದು ಆ ಗೋಡೆಯನ್ನು ನಾವು ಪೂರ್ತಿ ಮುಚ್ಚಿದ್ದೆವು.

“ಕೂಗಿದರೆ ಕೇಳುತ್ತದಲ್ಲ?” ಎಂದೆ.

ಈರಣ್ಣ ನಕ್ಕ. “ನಮ್ಮ ಮಾತು ಊರಿಗೆಲ್ಲ ಕೇಳ್ಬೇಕೇನ್ರಿ?”

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಮರುದಿನ ಮೇಸ್ತ್ರಿ ಬೈಯುತ್ತಲೇ ಉಳಿ, ಸುತ್ತಿಗೆ ಕೊಟ್ಟ. ನಾನೂ ಈರಣ್ಣನೂ ಹೊಸ ಗೋಡೆಯನ್ನು ಒಡೆದು ಕಿಂಡಿಗೆ ಚೌಕಟ್ಟು ಕೂರಿಸಿದೆವು. ಸಂಜೆ ಕರಿಯಮ್ಮ ಒಳಗೆ ಕಂಬಳಿ ಹಾಸಿದಳು.

“ಉಂಡ್ಯಾ?” ಗೋಡೆಯಾಚೆಯಿಂದ ಈರಣ್ಣ ಕೇಳಿದ.

“ಹ್ಞೂಂ. ಕುಂಟ್ ಕುರಿ ಮೇವು ಮುಟ್ತಾ?”

ಕೇಳಿಸಿಕೊಳ್ಳಬಾರದೆಂದು ನಾನು ಎದ್ದು ದೂರ ಹೋದೆ.

ಹೊರಟ ದಿನ ಕರಿಯಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ ಕಟ್ಟಿಕೊಟ್ಟಳು. “ಮನೇಲಿ ಅಮ್ಮಾರಿಗೂ ಕೊಡ್ರಿ” ಎಂದಳು. ನನ್ನ ಹೆಂಡತಿ ಇಲ್ಲವೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಆಗಲಿ ಎಂದೆ.

ಹೊಳಲ್ಕೆರೆಯಲ್ಲಿ ಬೀಗ ತೆಗೆದು, ಬುತ್ತಿ ಬಿಚ್ಚಿದೆ. ಅಡುಗೆಮನೆಯ ಕಡೆ ತಿರುಗಿ, ಊರಿಗೆ ಕೇಳದಷ್ಟು ಮೆಲ್ಲಗೆ, “ಉಂಡ್ಯಾ?” ಎಂದೆ. ಆಮೇಲೆ ಕೂತು ಇಬ್ಬರ ಪಾಲನ್ನೂ ಒಬ್ಬನೇ ಉಂಡೆ.